ಮೂರಡಿ ಫಿಶ್ ಟ್ಯಾಂಕ್ ನಾನೇ ಅಂಟಿಸಿದ್ದು, ಏನೇನ್ ಸಾಮಾನು ಹಾಕ್ದೆ ಅಂತ

ರೆಡಿಮೇಡ್ ಟ್ಯಾಂಕ್ ನಮ್ ಕೋಲಾರದಲ್ಲೂ ಸಿಗುತ್ತೆ, ಆದ್ರೆ ಒಂದೂವರೆ ಅಡಿ ಎತ್ತರದ್ದಕ್ಕೆ 5 ಎಂಎಂ ಗ್ಲಾಸ್ ಹಾಕಿರೋದು ನೋಡಿ ನಂಗ್ಯಾಕೋ ಧೈರ್ಯ ಬರ್ಲಿಲ್ಲ. ಎಲ್ರೂ ಟ್ಯಾಂಕ್ ಎಷ್ಟ್ ಉದ್ದ ಅಂತ ಕೇಳ್ತಾರೆ, ಮೊದ್ಲು ಕೇಳ್ಬೇಕಾಗಿರೋದು ಎಷ್ಟ್ ಎತ್ತರ ಅಂತ, ಯಾಕಂದ್ರೆ ನೀರಿನ ಒತ್ತಡ ಆಳಕ್ಕೆ ತಕ್ಕಂಗೆ ಏರುತ್ತೆ, ಉದ್ದ ಜಾಸ್ತಿ ಆದ್ರೆ ಗ್ಲಾಸ್ ನಡುವೆ ಹೊಟ್ಟೆ ಬಿಡುತ್ತೆ, ಅದನ್ನ ಮೇಲ್ಗಡೆ ಗ್ಲಾಸ್ ಪಟ್ಟಿ ಅಂಟಿಸಿ ತಡೀಬೋದು.

ನಾನ್ ತಗೊಂಡಿದ್ದು 8 ಎಂಎಂ ಮಾಮೂಲಿ ಫ್ಲೋಟ್ ಗ್ಲಾಸ್, ಅಂದ್ರೆ ಕಿಟಕಿಗೆ ಹಾಕೋ ಸಾದಾ ಗ್ಲಾಸ್. ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿರೋದು ಬೇಡ, ಒಂದ್ಸಲ ಟಫನ್ ಆದ್ಮೇಲೆ ಕಟ್ ಮಾಡಕ್ಕಾಗಲ್ಲ. 36 ಇಂಚು ಉದ್ದ, 12 ಅಗಲ, 18 ಎತ್ತರ. ಸೈಡ್ ಗ್ಲಾಸ್ ಎರಡೂ ಮುಂದಿಂದು ಹಿಂದಿಂದರ ಮಧ್ಯ ಕೂರೋದ್ರಿಂದ 12 ಇಂಚಿಗೆ ಕಟ್ ಮಾಡಿಸ್ಬಾರ್ದು, 12 ಇಂಚು ಅಂದ್ರೆ 305 ಎಂಎಂ, ಅದ್ರಲ್ಲಿ ಎರಡು ಗ್ಲಾಸಿನ ದಪ್ಪ 16 ಕಳೀರಿ, ಅಂಟಿಸೋ ಸಿಲಿಕಾನ್‌ಗೆ ಎರಡೂ ಕಡೆ ಸೇರಿ ಇನ್ನೊಂದ್ ಎರಡು ಬಿಡಿ, 287 ಬರುತ್ತೆ. ಅಂಚು ಅಲ್ಲೇ ಉಜ್ಜಿಸ್ಕೊಳಿ, ಇಲ್ಲಾಂದ್ರೆ ಕೈ ಕುಯ್ಯುತ್ತೆ.

ದುಡ್ಡು ಉಳಿಸ್ಬಾರ್ದು ಅಂದ್ರೆ ಸಿಲಿಕಾನ್‌ನಲ್ಲಿ. ವಿನೆಗರ್ ವಾಸನೆ ಬರೋ ಅಸಿಟಿಕ್ ಸಿಲಿಕಾನ್, ಟ್ಯೂಬ್ ಮೇಲೆ ಅಕ್ವೇರಿಯಂ ಅಂತ ಇರ್ಬೇಕು. ಬಾತ್‌ರೂಮಿಗೆ ಅಂತ ಮಾರೋದ್ರಲ್ಲಿ ಬೂಷ್ಟು ಹಿಡೀದೇ ಇರಕ್ಕೆ ಮದ್ದು ಸೇರ್ಸಿರ್ತಾರೆ, ಅದು ಮೀನಿಗೆ ವಿಷ. ಅಂಚನ್ನ ಅಸಿಟೋನ್ ಹಾಕಿ ಒರೆಸ್ದೆ, ಒರೆಸಿದ್ಮೇಲೆ ಬೆರಳೂ ಮುಟ್ಟಿಸ್ಬಾರ್ದು, ಎರಡೂ ಪಕ್ಕ ಮಾಸ್ಕಿಂಗ್ ಟೇಪ್ ಹಾಕಿ ಸಿಲಿಕಾನ್ ಗನ್ನಲ್ಲಿ ಎಲ್ಲೂ ನಿಲ್ಲಿಸ್ದೇನೆ ಒಂದೇ ಎಳೆ ಎಳ್ದು ಬೆರಳಲ್ಲಿ ಸವರಿ, ಮೇಲೆ ಕೆನೆ ಕಟ್ಟೋಕ್ ಮುಂಚೆ ಟೇಪ್ ಕಿತ್ತುಬಿಟ್ಟೆ. ಲೇಟಾದ್ರೆ ಟೇಪ್ ಜೊತೆ ಅಂಚೂ ಕಿತ್ಕೊಂಡ್ ಬರುತ್ತೆ. ಇನ್ನೊಂದು, ಈ ಸಿಲಿಕಾನ್ ಗಟ್ಟಿ ಆಗೋದು ಗಾಳೀಲಿರೋ ತೇವದಿಂದ, ನಮ್ ಕಡೆ ಬೇಸಿಗೇಲಿ ಗಾಳಿ ಒಣಒಣ, ಹಂಗಾಗಿ ನೀರು ತುಂಬೋಕೆ ಒಂದ್ ವಾರ ಕಾಯೋದೇ ವಾಸಿ. ಹಳೇ ಸಿಲಿಕಾನ್ ಮೇಲೆ ಹೊಸ್ದು ಹಿಡಿಯಲ್ಲ, ಲೀಕ್ ಬಂದ್ರೆ ಪೂರ್ತಿ ಕೆರೆದು ಹಾಕ್ಬೇಕು, ಮೇಲೆ ಮೆತ್ತಿದ್ರೆ ಪ್ರಯೋಜನ ಇಲ್ಲ.

ಸ್ಟ್ಯಾಂಡ್ ವೆಲ್ಡಿಂಗ್ ಶಾಪಲ್ಲಿ ಕಬ್ಬಿಣದ ಆಂಗಲ್ ಹಾಕ್ಸಿ ಮಾಡಿಸ್ದೆ. ನೀರೇ 120 ಲೀಟರ್ ಹತ್ರ, ಗ್ಲಾಸ್ ಇನ್ನೊಂದ್ 28 ಕೆಜಿ, ಕಲ್ಲು ಬೇರೆ, ಟೀವಿ ಟೇಬಲ್ ಮೇಲೆಲ್ಲ ಇಡೋ ವಸ್ತು ಅಲ್ಲ ಇದು. ಆಂಗಲ್ ಮೇಲೆ ಗ್ರಾನೈಟ್ ಸ್ಲ್ಯಾಬ್, ಅದ್ರ ಮೇಲೆ ಥರ್ಮಾಕೋಲ್ ಶೀಟ್, ಸಣ್ಣ ಹರಳು ಅಡಿಗೆ ಸಿಕ್ಕಿದ್ರೂ ಬಿರುಕು ಬಿಡುತ್ತೆ ನೋಡಿ.

ಒಳಗಡೆ ಹಾಕಕ್ಕೆ ಕಲ್ಲಿಗೇನು ಬರ ನಮ್ಮೂರಲ್ಲಿ, ಗ್ರಾನೈಟ್ ಚೂರು ತೊಳ್ದು ಹಾಕಿದ್ರೆ ಸಾಕು, ನೀರಿಗೇನೂ ಬಿಡಲ್ಲ. ಗಾರ್ಡನ್‌ಗೆ ಅಂತ ಸಿಗೋ ಬಿಳೀ ಮಾರ್ಬಲ್ ಚಿಪ್ಸ್ ಮಾತ್ರ ಬೇಡ, ಸ್ವಲ್ಪ ವಿನೆಗರ್ ಬಿಟ್ಟು ನೋಡಿ, ಬುರುಬುರು ಅಂತ ಗುಳ್ಳೆ ಬಂತು ಅಂದ್ರೆ ಸುಣ್ಣದ ಅಂಶ ಇದೆ ಅಂತ, ನಮ್ ಬೋರ್‌ವೆಲ್ ನೀರು ಮೊದ್ಲೇ ಗಡಸು, ಇದು ಸೇರಿದ್ರೆ ಕೇಳ್ಬೇಡಿ. ಅದಕ್ಕೇ ಮೆದು ನೀರು ಬೇಕಾಗೋ ಡಿಸ್ಕಸ್ ಮೀನಿನ ಆಸೆ ಬಿಟ್ಟು ಗಪ್ಪಿ, ಮೋಲಿ ಬಿಟ್ಟಿದೀನಿ, ಅವಕ್ಕೆ ಗಡಸು ನೀರೇ ಇಷ್ಟ.