ಮಾರ್ಫಿನ್ ಜೊತೆಗಿನ ಮಲಬದ್ಧತೆ: ಔಷಧದ ಅಡ್ಡಪರಿಣಾಮಗಳೊಂದಿಗೆ ನನ್ನ ಅನುಭವ

ನಾನು ಉಪಶಮನ ಆರೈಕೆಯ ನರ್ಸ್. ಮನೆಗಳಿಗೇ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಂತೆ ಕರುಳಿನ ಗೋಡೆಯಲ್ಲೂ ಇರುವುದರಿಂದ ಕರುಳಿನ ಚಲನೆ ನಿಧಾನವಾಗಿ, ಮಲದಲ್ಲಿನ ನೀರು ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ. ಮಾರ್ಫಿನ್‌ನಿಂದ ಬರುವ ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಮಲಬದ್ಧತೆ ಹಾಗೆ ತಾನಾಗಿ ಇಳಿಯುವುದಿಲ್ಲ. ಹಾಗಾಗಿ ನಮ್ಮ ವೈದ್ಯರು ಮಾರ್ಫಿನ್ ಬರೆದ ದಿನವೇ ಮಲ ಸಡಿಲಿಸುವ ಬಿಸಾಕೋಡಿಲ್ ಮಾತ್ರೆಯನ್ನೋ ಲ್ಯಾಕ್ಟುಲೋಸ್ ಸಿರಪ್ಪನ್ನೋ ಬರೆಯುತ್ತಾರೆ. ಮೊದಲನೆಯದರಿಂದ ಹೊಟ್ಟೆ ಹಿಂಡಬಹುದು, ಎರಡನೆಯದರಿಂದ ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗಬಹುದು.

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೂ ತೋಳಿನ ನೋವು ಉಳಿದಿದ್ದ ಒಬ್ಬ ಅಮ್ಮನಿಗೆ ಇವೆರಡೂ ಸಾಲದಾದಾಗ ವೈದ್ಯರು ಲುಬಿಪ್ರೊಸ್ಟೋನ್ 24 ಮೈಕ್ರೋಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆ ಎರಡು ಸಲ ಬರೆದರು. ಇದು ಕರುಳಿನೊಳಗೆ ದ್ರವ ಸ್ರವಿಸುವಂತೆ ಮಾಡಿ ಮಲವನ್ನು ಮೆದುಗೊಳಿಸುತ್ತದೆ. ಊಟದ ಜೊತೆಗೇ ನುಂಗಬೇಕೆಂದು ನಾನು ಒತ್ತಿ ಹೇಳಿರಲಿಲ್ಲ, ಅದು ನನ್ನ ತಪ್ಪು. ಬೆಳಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಂಡ ಅವರಿಗೆ ವಾಕರಿಕೆ ಎಷ್ಟು ಬಂತೆಂದರೆ, ಅದು ಮಾರ್ಫಿನ್‌ನಿಂದಲೇ ಬಂದದ್ದೆಂದು ತಿಳಿದು ಅದನ್ನೂ ನಿಲ್ಲಿಸಿಬಿಟ್ಟರು. ನಾನು ಮುಂದಿನ ಭೇಟಿಗೆ ಹೋದಾಗ ಅವರು ತೋಳು ಎತ್ತಲಾಗದೆ ಅಳುತ್ತಿದ್ದರು.

"ಸಿಸ್ಟರ್, ಯಾವುದರಿಂದ ಏನಾಗುತ್ತೆ ಅಂತ ಮೊದಲೇ ಹೇಳಿದ್ದರೆ ನೋವಿನ ಮಾತ್ರೆ ಬಿಡ್ತಿರಲಿಲ್ಲ" ಎಂದರು. ವೈದ್ಯರೊಡನೆ ಫೋನಿನಲ್ಲಿ ಮಾತನಾಡಿ ಮಾರ್ಫಿನ್ ಮತ್ತೆ ಆರಂಭಿಸಿದೆವು. ಕ್ಯಾಪ್ಸೂಲನ್ನು ಇಡ್ಲಿ ತಿನ್ನುವಾಗ ಮತ್ತು ರಾತ್ರಿ ಊಟದ ನಡುವೆ, ಅಗಿಯದೆ, ಇಡಿಯಾಗಿ ನುಂಗುವಂತೆ ಹೇಳಿದೆ. ವಾಕರಿಕೆ ಪೂರ್ತಿ ಹೋಗಲಿಲ್ಲವಾದರೂ ತಡೆಯುವಷ್ಟಕ್ಕೆ ಇಳಿಯಿತು.

ಅಂದಿನಿಂದ ಈ ಕ್ಯಾಪ್ಸೂಲ್ ಕೊಡುವ ಮೊದಲೇ ವಾಕರಿಕೆ, ತಲೆನೋವು, ಭೇದಿಯ ಬಗ್ಗೆ ಹೇಳುತ್ತೇನೆ. ಮೊದಲ ಸಲ ನುಂಗಿದ ಒಂದು ಗಂಟೆಯೊಳಗೆ ಕೆಲವರಿಗೆ ಎದೆ ಬಿಗಿದು ಉಸಿರು ಸಾಲದಂತಾಗುವುದುಂಟು; ಅದು ಹೆಚ್ಚಾಗಿ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ, ಆದರೂ ಕೂಡಲೇ ನಮಗೆ ತಿಳಿಸಬೇಕೆಂದು ಮನೆಯವರಿಗೆ ಹೇಳಿರುತ್ತೇನೆ. ಭೇದಿ ಜೋರಾದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದಾದ್ದರಿಂದ ವಯಸ್ಸಾದವರನ್ನು ಒಬ್ಬರೇ ಶೌಚಾಲಯಕ್ಕೆ ಕಳಿಸಬೇಡಿ ಎನ್ನುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಅಡ್ಡಪರಿಣಾಮದಂತೆ ಕಂಡರೂ ಅಡ್ಡಪರಿಣಾಮವಲ್ಲದ ಭೇದಿ. ಆರೇಳು ದಿನ ಮಲ ಹೋಗದ ರೋಗಿಗೆ ಇದ್ದಕ್ಕಿದ್ದಂತೆ ಸ್ವಲ್ಪ ಸ್ವಲ್ಪವೇ ನೀರು ನೀರಾಗಿ ಹೋಗತೊಡಗಿದರೆ, ಗುದನಾಳದಲ್ಲಿ ಗಟ್ಟಿ ಮಲ ಸಿಕ್ಕಿಕೊಂಡು ಅದರ ಪಕ್ಕದಿಂದ ದ್ರವ ಜಾರುತ್ತಿರಬಹುದು. ಮನೆಯವರು ಔಷಧ ಹೆಚ್ಚಾಯಿತೆಂದು ನಿಲ್ಲಿಸುತ್ತಾರೆ, ಗಂಟು ಇನ್ನೂ ಬಿಗಿಯಾಗುತ್ತದೆ. ಇಂಥಲ್ಲಿ ಕೈಗವಸು ಹಾಕಿ ಪರೀಕ್ಷಿಸದೆ ನಾನು ಯಾವ ಮಾತ್ರೆಯನ್ನೂ ನಿಲ್ಲಿಸಲು ಹೇಳುವುದಿಲ್ಲ. ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿಯೂ ಆಗುತ್ತಿದ್ದು, ಗಾಳಿಯೂ ಹೋಗುತ್ತಿಲ್ಲವಾದರೆ ಕರುಳಿಗೆ ಅಡ್ಡಿಯಾಗಿರುವ ಸಂಶಯವಿರುತ್ತದೆ. ಆಗ ಮಲ ಸಡಿಲಿಸುವ ಯಾವ ಔಷಧವನ್ನೂ ಕೊಡದೆ ಆಸ್ಪತ್ರೆಗೆ ಕಳಿಸುತ್ತೇನೆ. ಮನೆಯವರು ಒಳ್ಳೆಯದೆಂದು ಕೊಡುವ ಇಸಬ್ಗೋಲನ್ನೂ ಬೇಡವೆನ್ನುತ್ತೇನೆ, ನೀರು ಕಡಿಮೆ ಕುಡಿಯುವ ಇಂಥ ರೋಗಿಗಳ ಕರುಳಿನಲ್ಲಿ ಅದು ಉಬ್ಬಿ ಅಲ್ಲೇ ನಿಲ್ಲುವ ಅಪಾಯವಿದೆ.

ಆ ಅಮ್ಮ ಈಗ ಕ್ಯಾಲೆಂಡರಿನಲ್ಲಿ ಮಲ ಹೋದ ದಿನಕ್ಕೆ ಅರಿಶಿನದ ಬೊಟ್ಟು ಇಡುತ್ತಾರೆ. ಮೂರು ದಿನ ಬೊಟ್ಟು ಕಾಣದಿದ್ದರೆ ಅವರ ಸೊಸೆ ನನಗೆ ಫೋನ್ ಮಾಡುತ್ತಾರೆ.