ಊಟದ ಹೊತ್ತಿಗೆ ಬ್ಯಾಕಪ್: ಆಫೀಸಿನ ಕಂಪ್ಯೂಟರ್‌ಗಳನ್ನು ಗ್ರೂಪ್ ಮಾಡಿದ ನನ್ನ ಅನುಭವ

ನಮ್ಮ ಕರಾವಳಿಯ ಸಣ್ಣ ಆಫೀಸುಗಳಲ್ಲಿ ರಾತ್ರಿ ಬ್ಯಾಕಪ್ ನಡೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ ಉಳಿದ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ. ಯಾವ ಗೈಡ್ ತೆಗೆದು ನೋಡಿದರೂ ರಾತ್ರಿ ಎರಡು ಗಂಟೆಗೋ ಮೂರು ಗಂಟೆಗೋ ಶೆಡ್ಯೂಲ್ ಹಾಕಿ ಅಂತ ಇರುತ್ತದೆ. ಮಂಗಳೂರಿನಲ್ಲಿ ಸಂಜೆ ಕೊನೆಗೆ ಬೀಗ ಹಾಕುವವರು ಮೈನ್ ಸ್ವಿಚ್ ಆಫ್ ಮಾಡಿಯೇ ಹೋಗುತ್ತಾರೆ. ಮಳೆಗಾಲಕ್ಕೆ ಮುಂಚೆ ಎಪ್ರಿಲ್, ಮೇಯಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಸಂಜೆ ಹೊತ್ತು ಬರುವ ಸಿಡಿಲಿಗೆ ಮೋಡೆಮ್, ಸ್ವಿಚ್, ಕೆಲವು ಸಲ ಮದರ್‌ಬೋರ್ಡ್ ಕೂಡ ಸುಟ್ಟುಹೋಗಿದ್ದನ್ನು ಕಂಡವರು ಅವರು. ಕೊಡಿಯಾಲಬೈಲಿನ ಒಂದು ಸಿಎ ಆಫೀಸಿನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ರಾತ್ರಿ ಮೆಷಿನ್ ಆನ್ ಇಡಬಹುದಾ ಎಂದು ಅಲ್ಲಿನ ಹಿರಿಯ ಅಕೌಂಟೆಂಟ್ ಅಕ್ಕನನ್ನು ಕೇಳಿದೆ. "ಮೈನ್ ಆಫ್ ಮಾಡದೆ ಮನೆಗೆ ಹೋದರೆ ನನಗೆ ನಿದ್ದೆ ಬರ್ಲಿಕ್ಕಿಲ್ಲ ಮಾರಾಯ್ರೆ" ಎಂದರು. ಅವರು ಹೇಳಿದ್ದು ಸರಿಯೇ. ಬ್ಯಾಕಪ್‌ಗೋಸ್ಕರ ಆ ಅಭ್ಯಾಸ ಬಿಡಿಸಬಾರದು, ಬ್ಯಾಕಪ್ಪೇ ಅದಕ್ಕೆ ಹೊಂದಿಕೊಳ್ಳಬೇಕು.

ಆಫೀಸಿನಲ್ಲಿ ಇಪ್ಪತ್ತರ ಹತ್ತಿರ ಕಂಪ್ಯೂಟರ್ ಉಂಟು. ಒಂದರಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಆದ ಟ್ಯಾಲಿಯ ಡೇಟಾ, ಉಳಿದ ಟೇಬಲ್‌ನವರು ನೆಟ್‌ವರ್ಕ್ ಮೂಲಕ ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿ ಮಾಡುವ ಹುಡುಗ ಹುಡುಗಿಯರ ಲ್ಯಾಪ್‌ಟಾಪ್‌ಗಳು ಬೇರೆ. ಅವು ಒಂದು ವಾರ ಬೈಕಂಪಾಡಿಯ ಯಾವುದೋ ಫ್ಯಾಕ್ಟರಿಯಲ್ಲಿ, ಇನ್ನೊಂದು ವಾರ ಕುಂದಾಪುರದ ಬ್ಯಾಂಕ್ ಶಾಖೆಯ ಆಡಿಟ್‌ನಲ್ಲಿ ಇರುತ್ತವೆ. ಇವರ ಗಿರಾಕಿಗಳಲ್ಲಿ ಕಂಪನಿಗಳೂ ಇವೆ, ಕೆಲವರ ಲೆಕ್ಕ ಇಲ್ಲಿಯೇ ಬರೆಯುವುದು. 2022ರ ಆಗಸ್ಟ್‌ನಲ್ಲಿ ಕಂಪನಿ ಲೆಕ್ಕಪತ್ರದ ನಿಯಮ ಬದಲಾಗಿ, ಎಲೆಕ್ಟ್ರಾನಿಕ್ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಆಗಬೇಕು ಎಂದಾಯಿತು. ಹಾಗಾಗಿ ನೆನಪಾದಾಗ ಪೆನ್ ಡ್ರೈವ್‌ಗೆ ಕಾಪಿ ಮಾಡುವ ಪದ್ಧತಿ ಇನ್ನು ಸಾಲುವುದಿಲ್ಲ.

ನಾನು ಹಾಕಿದ್ದು ಉರ್‌ಬ್ಯಾಕಪ್ (UrBackup) ಎಂಬ ಬ್ಯಾಕಪ್ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್. ಒಂದು ಹಳೆ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಎರಡು 4 ಟಿಬಿ ಡಿಸ್ಕ್‌ಗಳನ್ನು ಒಂದಕ್ಕೊಂದು ಮಿರರ್ ಮಾಡಿ (ಎರಡರಲ್ಲೂ ಒಂದೇ ಡೇಟಾ ಇರುವಂತೆ) ಸರ್ವರ್ ಮಾಡಿದೆ. ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ವಿಧಾನ, ಅಂದರೆ ಫೈಲ್ ಸಿಸ್ಟಂ, ಬಿಟಿಆರ್‌ಎಫ್‌ಎಸ್ (Btrfs). ವಿಂಡೋಸ್ ಮೆಷಿನ್‌ಗಳಲ್ಲಿ ಅದರ ಸಣ್ಣ ಪ್ರೋಗ್ರಾಂ ಆದ ಕ್ಲೈಂಟ್ ಇನ್‌ಸ್ಟಾಲ್ ಮಾಡಿದರೆ ಅದೇ ನೆಟ್‌ವರ್ಕ್‌ನಲ್ಲಿರುವ ಸರ್ವರ್ ಅವುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಸೆಟ್ಟಿಂಗ್ ಎಲ್ಲ ಬ್ರೌಸರ್‌ನಲ್ಲಿ, ಸರ್ವರ್‌ನ 55414 ಪೋರ್ಟ್‌ನಲ್ಲಿ. ಇನ್‌ಸ್ಟಾಲ್ ಆದ ಕೂಡಲೇ ಮಾಡಬೇಕಾದ ಕೆಲಸ ಒಂದುಂಟು: ಆ ಪುಟಕ್ಕೆ ಶುರುವಿನಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ತೆರೆದು ಬ್ಯಾಕಪ್ ನೋಡಬಹುದು, ಅಳಿಸಲೂಬಹುದು. ಅಡ್ಮಿನ್ ಅಕೌಂಟ್ ಮಾಡಿ ಪಾಸ್‌ವರ್ಡ್ ಹಾಕಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಿ.

ಇನ್ನು ಗ್ರೂಪ್ ವಿಚಾರ. ಸೆಟ್ಟಿಂಗ್ಸ್‌ನಲ್ಲಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಸೆಟ್ಟಿಂಗ್ ಒಂದಿರುತ್ತದೆ, ಅದರ ಕೆಳಗೆ ಗ್ರೂಪ್, ಗ್ರೂಪಿನ ಕೆಳಗೆ ಒಂದೊಂದು ಕ್ಲೈಂಟ್ ಮೆಷಿನ್. ಗ್ರೂಪಿನಲ್ಲಿ ಬದಲಾಯಿಸಿದ್ದು ಅದರ ಸದಸ್ಯರಿಗೆಲ್ಲ ಹೋಗುತ್ತದೆ. ಒಂದು ಕ್ಲೈಂಟ್‌ಗೆ ಮಾತ್ರ ಏನಾದರೂ ಬೇರೆ ಹಾಕಿದರೆ ಅದಕ್ಕೆ ಗ್ರೂಪಿನದ್ದಲ್ಲ, ಅದೇ ನಡೆಯುತ್ತದೆ. ಒಂದು ಮೆಷಿನ್ ಒಂದೇ ಗ್ರೂಪಿನಲ್ಲಿ ಇರಲು ಸಾಧ್ಯ, ಆದ್ದರಿಂದ ಗ್ರೂಪನ್ನು ಯಾವ ಆಧಾರದ ಮೇಲೆ ಮಾಡುತ್ತೀರಿ ಎನ್ನುವುದು ಮುಖ್ಯವಾಗುತ್ತದೆ.

ಸಾಮಾನ್ಯವಾಗಿ ಜನ ವಿಭಾಗದ ಪ್ರಕಾರ ಮಾಡುತ್ತಾರೆ: ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಆಡಿಟ್, ಫ್ರಂಟ್ ಆಫೀಸ್. ನೋಡಲು ಚಂದ, ಆದರೆ ಉಪಯೋಗ ಕಡಿಮೆ. ಜಿಎಸ್‌ಟಿ ಟೇಬಲ್‌ನಲ್ಲಿ ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಇದ್ದರೆ ಎರಡಕ್ಕೂ ಒಂದೇ ಸಮಯ ಹೊಂದುವುದಿಲ್ಲ ಅಲ್ವಾ. ನಾನು ಪ್ರತಿ ಮೆಷಿನ್ ಬಗ್ಗೆ ಎರಡೇ ಪ್ರಶ್ನೆ ಕೇಳಿದೆ. ಇದು ಯಾವಾಗ ಆನ್ ಇರುತ್ತದೆ? ಇದರಲ್ಲಿ ಎಷ್ಟು ಗಂಟೆಯ ಕೆಲಸ ಹೋದರೆ ತಡೆದುಕೊಳ್ಳಬಹುದು? ಈ ಎರಡು ಉತ್ತರ ಒಂದೇ ಆದ ಮೆಷಿನ್‌ಗಳು ಒಂದು ಗ್ರೂಪ್. ಹಾಗೆ ಮೂರು ಗ್ರೂಪ್ ಆಯಿತು. ಲೆಕ್ಕ, ಟೇಬಲ್, ತಿರುಗಾಟ ಎಂದು ಹೆಸರಿಟ್ಟೆ. ಆಫೀಸಿನವರಿಗೂ ಹೆಸರು ಕೇಳಿದರೆ ಯಾವುದು ಎಂದು ಗೊತ್ತಾಗಬೇಕು.

ಗುಂಪು ಮಾಡುವ ಮುಂಚೆ ಶೆಡ್ಯೂಲ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಉರ್‌ಬ್ಯಾಕಪ್‌ನಲ್ಲಿ "ಒಂದು ಗಂಟೆಗೆ ಶುರು ಮಾಡು" ಎಂದು ಹೇಳುವುದಲ್ಲ. ಎರಡು ವಿಷಯ ಕೊಡುತ್ತೇವೆ. ಒಂದು, ಎಷ್ಟು ಗಂಟೆಗೊಮ್ಮೆ ಬ್ಯಾಕಪ್ ಬೇಕು. ಇನ್ನೊಂದು, ದಿನದ ಯಾವ ಹೊತ್ತಿನಲ್ಲಿ ಶುರು ಮಾಡಲು ಒಪ್ಪಿಗೆ. ಕಳೆದ ಬ್ಯಾಕಪ್ ಆಗಿ ಅಷ್ಟು ಗಂಟೆ ಕಳೆದಿರಬೇಕು, ಈಗಿನ ಸಮಯ ಆ ಒಪ್ಪಿಗೆಯ ಹೊತ್ತಿನೊಳಗೆ ಇರಬೇಕು, ಮೆಷಿನ್ ಆನ್ ಇರಬೇಕು. ಮೂರೂ ಸೇರಿದರೆ ಬ್ಯಾಕಪ್ ಶುರು. ನಮ್ಮಂಥ ಕಡೆಗೆ ಇದು ತುಂಬ ಒಳ್ಳೆಯದು. ಕರೆಂಟ್ ಹೋಗಿ ಮೆಷಿನ್ ಆಫ್ ಆಗಿದ್ದರೆ ಆ ದಿನದ ಬ್ಯಾಕಪ್ ಬಿಟ್ಟೇ ಹೋಯಿತು ಎಂದಿಲ್ಲ, ಆನ್ ಆದ ಮೇಲೆ ಹೊತ್ತು ಇನ್ನೂ ಇದ್ದರೆ ಆಗುತ್ತದೆ. ಹೊತ್ತಿನೊಳಗೆ ಶುರುವಾದದ್ದು ಹೊತ್ತು ಮೀರಿದರೂ ನಡುವೆ ನಿಲ್ಲುವುದಿಲ್ಲ.

ಲೆಕ್ಕ ಗ್ರೂಪಿನಲ್ಲಿ ಟ್ಯಾಲಿ ಮೆಷಿನ್ ಮತ್ತು ಅಕ್ಕನ ಮೆಷಿನ್. ಇವಕ್ಕೆ ಹಾಕಿದ ಹೊತ್ತು 1-6/13-14,17-18. ಮೊದಲ ಅಂಕಿಗಳು ವಾರ, 1 ಅಂದರೆ ಸೋಮವಾರ. ಅಂದರೆ ಸೋಮವಾರದಿಂದ ಶನಿವಾರ, ಮಧ್ಯಾಹ್ನ ಒಂದರಿಂದ ಎರಡು, ಸಂಜೆ ಐದರಿಂದ ಆರು. ಅಂತರ ಮೂರು ಗಂಟೆ. ಹೀಗಾಗಿ ದಿನಕ್ಕೆ ಎರಡು ಸಲ ಆಗುತ್ತದೆ. ಮಧ್ಯಾಹ್ನದ್ದೇ ನನಗೆ ಮುಖ್ಯ. ಆಫೀಸಿನವರೆಲ್ಲ ಊಟಕ್ಕೆ ಏಳುವಾಗ ಟ್ಯಾಲಿಯಲ್ಲಿ ಕಂಪನಿ ಶಟ್ ಮಾಡಿ ಏಳಬೇಕು ಎಂದು ಮಾತಾಡಿಕೊಂಡಿದ್ದೇವೆ. ಡಿಸ್ಕ್ ಆ ಕ್ಷಣಕ್ಕೆ ಹೇಗಿದೆಯೋ ಹಾಗೆ ಹಿಡಿದುಕೊಡುವ ವಿಂಡೋಸ್‌ನ ಶ್ಯಾಡೋ ಕಾಪಿ ಮೂಲಕ ತೆರೆದಿರುವ ಫೈಲ್ ಕೂಡ ಬ್ಯಾಕಪ್ ಆಗುತ್ತದೆ ನಿಜ. ಆದರೆ ವೋಚರ್ ಹಾಕುತ್ತಿರುವ ಹೊತ್ತಿನ ಕಾಪಿ ಎಂದರೆ ಆ ಕ್ಷಣಕ್ಕೆ ಕರೆಂಟ್ ಹೋದಾಗ ಡಿಸ್ಕ್‌ನಲ್ಲಿ ಏನಿರುತ್ತಿತ್ತೋ ಅದೇ. ಲೆಕ್ಕದ ಡೇಟಾಗೆ ನನಗೆ ಅಷ್ಟು ಸಾಲದು. ಮುಚ್ಚಿದ ಡೇಟಾದ ಒಂದು ಕಾಪಿ ದಿನಕ್ಕೆ ಇರಲೇಬೇಕು. ಇದರ ಜೊತೆಗೆ ಅಕ್ಕ ಪ್ರತಿ ಶನಿವಾರ ಟ್ಯಾಲಿಯದ್ದೇ ಬ್ಯಾಕಪ್ ಕೂಡ ತೆಗೆಯುತ್ತಾರೆ, ಆಲ್ಟ್ ವೈ ಒತ್ತಿ. ಆ ಫೈಲ್ ಹೋಗಿ ಕೂರುವ ಫೋಲ್ಡರ್ ಕೂಡ ಲೆಕ್ಕ ಗ್ರೂಪಿನ ಪಟ್ಟಿಯಲ್ಲಿದೆ.

ಊಟದ ಹೊತ್ತಿನ ಬ್ಯಾಕಪ್‌ಗೆ ಶತ್ರು ಒಂದೇ, ಸ್ಲೀಪ್. ಯಾರೂ ಕೀಬೋರ್ಡ್ ಮುಟ್ಟದಿದ್ದರೆ ವಿಂಡೋಸ್ ಸ್ವಲ್ಪ ಹೊತ್ತಿಗೆ ಮಲಗಿಬಿಡುತ್ತದೆ, ನಮಗೆ ಬೇಕಾದ ಹೊತ್ತೂ ಅದೇ. ಡೆಸ್ಕ್‌ಟಾಪ್‌ಗಳಲ್ಲೆಲ್ಲ ಪವರ್ ಸೆಟ್ಟಿಂಗ್‌ಗೆ ಹೋಗಿ ಸ್ಲೀಪ್ "ನೆವರ್" ಮಾಡಿದೆ. ಸ್ಕ್ರೀನ್ ಆಫ್ ಆಗಲಿ, ಮೆಷಿನ್ ಎಚ್ಚರ ಇರಲಿ.

ಟೇಬಲ್ ಗ್ರೂಪ್ ಸುಲಭ. ಉಳಿದ ಡೆಸ್ಕ್‌ಟಾಪ್‌ಗಳು, 1-6/13-15, ಅಂತರ ಇಪ್ಪತ್ತು ಗಂಟೆ, ದಿನಕ್ಕೊಂದು ಸಲ. ಇಪ್ಪತ್ನಾಲ್ಕು ಯಾಕೆ ಹಾಕಲಿಲ್ಲ ಎಂದರೆ, ಇವತ್ತು ಎರಡೂವರೆಗೆ ಆದದ್ದು ನಾಳೆ ಎರಡೂವರೆಯ ತನಕ ಕಾಯುತ್ತದೆ, ನಾಡಿದ್ದು ಇನ್ನೂ ತಡ, ಹಾಗೆ ಜಾರುತ್ತ ಒಂದು ದಿನ ಹೊತ್ತು ಮೀರಿ ಹೋಗುತ್ತದೆ. ಇಪ್ಪತ್ತು ಹಾಕಿದರೆ ಒಂದು ಗಂಟೆಗೇ ಎಲ್ಲವೂ ಸಿದ್ಧ. ಒಟ್ಟಿಗೆ ಎಷ್ಟು ಬ್ಯಾಕಪ್ ನಡೆಯಬಹುದು ಎನ್ನುವುದನ್ನು ಮೂರಕ್ಕೆ ಇಳಿಸಿದೆ. ಇಲ್ಲದಿದ್ದರೆ ಒಂದು ಗಂಟೆಗೆ ಎಲ್ಲ ಮೆಷಿನ್‌ಗಳೂ ಒಮ್ಮೆಲೇ ಸರ್ವರ್ ಡಿಸ್ಕ್ ಮೇಲೆ ಬಿದ್ದು ಯಾವುದೂ ಬೇಗ ಮುಗಿಯುವುದಿಲ್ಲ.

ಯಾವ ಫೋಲ್ಡರ್ ತೆಗೆಯಬೇಕು ಎನ್ನುವುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಡೌನ್‌ಲೋಡ್ಸ್ ಬಿಡಿ, ಅದರಲ್ಲಿ ಕಸವೇ ಜಾಸ್ತಿ ಎನ್ನುತ್ತಾರೆ. ಸಿಎ ಆಫೀಸಿನಲ್ಲಿ ಅದನ್ನು ಬಿಡಲೇಬಾರದು. ಜಿಎಸ್‌ಟಿ ಪೋರ್ಟಲ್‌ನ ಜೇಸನ್ (JSON) ಫೈಲ್, ಇನ್‌ಕಮ್ ಟ್ಯಾಕ್ಸ್‌ನ 26ಎಎಸ್ ಪಟ್ಟಿ, ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಬಿಲ್ಲುಗಳು, ಎಲ್ಲ ಬಂದು ಬೀಳುವುದು ಅಲ್ಲಿಗೇ. ಎಷ್ಟೋ ಫೈಲ್ ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಸ್ಕ್ಯಾನರ್‌ನ ಫೋಲ್ಡರ್, ಇಷ್ಟು ಎಲ್ಲ ಗ್ರೂಪ್‌ಗೂ ಬೇಕು. ಬಿಟ್ಟದ್ದು ಬ್ರೌಸರ್ ಕ್ಯಾಶ್ ಮತ್ತು ಟೆಂಪ್ ಮಾತ್ರ.

ತಿರುಗಾಟ ಗ್ರೂಪ್ ಬಗ್ಗೆ ಹೆಚ್ಚು ಯೋಚನೆ ಮಾಡಬೇಕಾಯಿತು. ಲ್ಯಾಪ್‌ಟಾಪ್ ಆಫೀಸಿಗೆ ಬರುವುದು ಯಾವಾಗ ಎಂದು ಯಾರಿಗೂ ಹೇಳಲಾಗುವುದಿಲ್ಲ. ಬೆಳಿಗ್ಗೆ ಬಂದು ಫೈಲ್ ಕೊಟ್ಟು ಹನ್ನೊಂದಕ್ಕೆ ಕಾರ್ಕಳದ ಬಸ್ ಹತ್ತಿರಬಹುದು. ಇದಕ್ಕೆ ಹೊತ್ತಿನ ಮಿತಿಯೇ ಇಲ್ಲ, 1-7/0-24. ಅಂತರ ನಾಲ್ಕು ಗಂಟೆ. ನೆಟ್‌ವರ್ಕ್‌ಗೆ ಸೇರಿ ಸ್ವಲ್ಪ ಹೊತ್ತಿಗೆ ಬ್ಯಾಕಪ್ ತಾನಾಗಿ ಶುರುವಾಗುತ್ತದೆ. ಬದಲಾದ ಫೈಲ್ ಮಾತ್ರ ಹೋಗುವುದರಿಂದ ಹೆಚ್ಚಿನ ದಿನ ಬೇಗ ಮುಗಿಯುತ್ತದೆ. ಅವರು ಕೂರುವ ಮೇಜಿಗೆ ಎರಡು ನೆಟ್‌ವರ್ಕ್ ಕೇಬಲ್ ಎಳೆದು ಇಟ್ಟಿದ್ದೇನೆ, ವೈಫೈಗಿಂತ ಅದು ಎಷ್ಟೋ ಪಾಲು ಮೇಲು. ಹೊರಗಿನಿಂದಲೇ ಇಂಟರ್ನೆಟ್ ಮೂಲಕ ಬ್ಯಾಕಪ್ ಮಾಡುವ ವ್ಯವಸ್ಥೆಯೂ ಉರ್‌ಬ್ಯಾಕಪ್‌ನಲ್ಲಿದೆ, ಅದಕ್ಕೆ 55415 ಪೋರ್ಟ್ ಹೊರಗಿನಿಂದ ಸಿಗುವಂತೆ ಇರಬೇಕು. ಇಲ್ಲಿನ ಫೈಬರ್ ಕನೆಕ್ಷನ್‌ಗೆ ಹೊರಗಿನಿಂದ ನೇರ ತಲುಪುವ ಸ್ವಂತ ವಿಳಾಸ (ಪಬ್ಲಿಕ್ ಐಪಿ) ಇಲ್ಲ, ಅದಕ್ಕೆ ಆ ದಾರಿಗೆ ಹೋಗಲಿಲ್ಲ. ಇನ್ನೊಂದು ವಿಷಯ: ಬ್ಯಾಕಪ್ ಆಗಿಲ್ಲ ಎಂಬ ಎಚ್ಚರಿಕೆ ಈ ಗ್ರೂಪ್‌ಗೆ ತಡವಾಗಿ ಬರುವಂತೆ ಮಾಡಿ. ಊರಲ್ಲೇ ಇಲ್ಲದ ಲ್ಯಾಪ್‌ಟಾಪ್ ಬಗ್ಗೆ ದಿನಾ ಮೇಲ್ ಬಂದರೆ, ಟ್ಯಾಲಿ ಮೆಷಿನ್ ಬಗ್ಗೆ ಬರುವ ಮೇಲನ್ನೂ ಜನ ಓದುವುದು ಬಿಡುತ್ತಾರೆ.

ಕೆಳಗಿನ ಮಹಡಿಯ ಕೆಲವು ಮೆಷಿನ್‌ಗಳು ಸರ್ವರ್‌ಗೆ ಕಾಣಿಸಲೇ ಇಲ್ಲ. ಕ್ಲೈಂಟ್ ಓಡುತ್ತಿದೆ, ಇಂಟರ್ನೆಟ್ ಬರುತ್ತಿದೆ, ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಕಾರಣ ಅಲ್ಲಿದ್ದ ಎರಡನೇ ವೈಫೈ ರೂಟರ್. ಸರ್ವರ್ ಕ್ಲೈಂಟ್‌ಗಳನ್ನು ಹುಡುಕುವುದು ಬ್ರಾಡ್‌ಕಾಸ್ಟ್ ಮೂಲಕ, ಅಂದರೆ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ಒಮ್ಮೆಲೇ ಕೂಗಿ ಕೇಳಿ, ಅದು ರೂಟರ್ ದಾಟಿ ಹೋಗುವುದಿಲ್ಲ. ಆ ರೂಟರ್‌ನ ಡಿಎಚ್‌ಸಿಪಿ (ಮೆಷಿನ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೇಲಿನಿಂದ ಬಂದ ಕೇಬಲ್ಲನ್ನು ವ್ಯಾನ್ (WAN) ಪೋರ್ಟ್‌ನಿಂದ ತೆಗೆದು ಲ್ಯಾನ್ ಪೋರ್ಟ್‌ಗೆ ಚುಚ್ಚಿದೆ. ಎಲ್ಲ ಒಂದೇ ನೆಟ್‌ವರ್ಕ್ ಆಯಿತು, ಮೆಷಿನ್‌ಗಳೂ ಪಟ್ಟಿಗೆ ಬಂದವು. ಹಳೆ ಕಟ್ಟಡಗಳಲ್ಲಿ ಇದು ತುಂಬ ಕಡೆ ಹೀಗೇ ಇರುತ್ತದೆ, ಮೊದಲು ಇದನ್ನೇ ನೋಡಿ. ಹಳೆಯ 100 ಎಂಬಿಪಿಎಸ್ ಸ್ವಿಚ್ ಇದ್ದರೆ ಅದನ್ನೂ ಬದಲಾಯಿಸಿ. ಅದರಲ್ಲಿ 100 ಜಿಬಿ ಸಾಗಿಸಲು ಎರಡೂವರೆ ಗಂಟೆ ಹತ್ತಿರ ಬೇಕು, ಊಟದ ಹೊತ್ತು ಅಷ್ಟಿಲ್ಲ. ಮೊದಲ ಪೂರ್ತಿ ಬ್ಯಾಕಪ್ ಮಾತ್ರ ಒಂದು ಭಾನುವಾರ ಹೋಗಿ ಕೈಯಿಂದಲೇ ಶುರು ಮಾಡಿಸಿದೆ.

ಸರ್ವರ್‌ಗೆ ಯುಪಿಎಸ್ ಇದೆ, ಸ್ವಿಚ್ಚನ್ನೂ ಅದಕ್ಕೇ ಹಾಕಿದ್ದೇನೆ. ಎರಡು ಕಂಪ್ಯೂಟರ್‌ಗಳೂ ಆನ್ ಇದ್ದು ನಡುವಿನ ಸ್ವಿಚ್ ಸತ್ತರೆ ಪ್ರಯೋಜನ ಇಲ್ಲ. ಸಂಜೆ ಸರ್ವರ್ ಕೂಡ ಆಫ್ ಆಗುತ್ತದೆ. ಇಲ್ಲಿ ಒಂದು ಸೆಟ್ಟಿಂಗ್ ಸುಮ್ನೆ ಬಿಟ್ಟರೆ ಆಗುವುದಿಲ್ಲ. ಹಳೆ ಬ್ಯಾಕಪ್ ಅಳಿಸುವ ಕ್ಲೀನಪ್ ಕೆಲಸಕ್ಕೆ ಉರ್‌ಬ್ಯಾಕಪ್ ಇಟ್ಟಿರುವ ಹೊತ್ತು 1-7/3-4, ಅಂದರೆ ಬೆಳಗಿನ ಜಾವ ಮೂರರಿಂದ ನಾಲ್ಕು. ಆಗ ನಮ್ಮ ಸರ್ವರ್ ಆಫ್. ಅದನ್ನು 1-6/10-11 ಮಾಡಿದೆ.

ಎಷ್ಟು ಹಿಂದಿನದು ಇಟ್ಟುಕೊಳ್ಳಬೇಕು? ಇದನ್ನು ದಿನದ ಲೆಕ್ಕದಲ್ಲಿ ಅಲ್ಲ, ಬ್ಯಾಕಪ್‌ಗಳ ಸಂಖ್ಯೆಯಲ್ಲಿ ಕೊಡಬೇಕು. ಲೆಕ್ಕ ಗ್ರೂಪಿಗೆ ದಿನಕ್ಕೆ ಎರಡರಂತೆ ತಿಂಗಳಿಗೆ ಐವತ್ತರ ಹತ್ತಿರ ಆಗುತ್ತದೆ, ಮೊದಲಿಂದ ಇರುವ 100ರ ಮಿತಿ ಎರಡು ತಿಂಗಳಿಗೆ ಮುಗಿಯುತ್ತದೆ. ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಮುಗಿದ ಮೇಲೆ ಜುಲೈಯಲ್ಲಿ ಈ ಎಂಟ್ರಿ ಹೇಗಿತ್ತು ಎಂದು ಕೇಳುವವರು ಇದ್ದೇ ಇರುತ್ತಾರೆ. 200 ಮಾಡಿದೆ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಪೂರ್ತಿ ಬ್ಯಾಕಪ್ ಮೂವತ್ತು ದಿನಕ್ಕೊಂದು, ಹನ್ನೆರಡು ಇಡುತ್ತೇನೆ. ಬದಲಾಗದ ಫೈಲ್‌ಗೆ ಮತ್ತೆ ಜಾಗ ಬೇಡದಿರುವುದರಿಂದ ಡಿಸ್ಕ್‌ಗೆ ಭಾರ ಆಗಿಲ್ಲ. ಪೂರ್ತಿ ವಿಂಡೋಸ್‌ನ ಇಮೇಜ್ ಬ್ಯಾಕಪ್ ಲೆಕ್ಕ ಗ್ರೂಪಿಗೆ ಮಾತ್ರ, ಶನಿವಾರ ಮಧ್ಯಾಹ್ನ ಆಫೀಸ್ ಅರ್ಧ ದಿನಕ್ಕೆ ಮುಗಿದ ಮೇಲೆ. ಅದಕ್ಕೆ ಬೇರೆಯೇ ಹೊತ್ತು ಕೊಡಲು ಬರುತ್ತದೆ.

ಬ್ಯಾಕಪ್ ಇರುವ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಶೇರ್ ಮಾಡಬೇಡಿ. ನೋಡಲು ಸುಲಭ ಆಗುತ್ತದೆ ಎಂದು ಕೇಳಿದವರಿದ್ದಾರೆ, ನಾನು ಒಪ್ಪಲಿಲ್ಲ. ಇಲ್ಲಿ ಕ್ಲೈಂಟ್‌ಗಳಿಂದ ಡೇಟಾ ಎಳೆದುಕೊಳ್ಳುವುದು ಸರ್ವರ್, ಕ್ಲೈಂಟ್‌ಗೆ ಆ ಡಿಸ್ಕ್ ಮೇಲೆ ಬರೆಯುವ ಅಧಿಕಾರವೇ ಬೇಡ. 2017ರ ಮೇಯಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಅದು ನೆಟ್‌ವರ್ಕ್‌ನಲ್ಲಿ ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ತಾನಾಗಿ ಹರಡಿತು. ಈ ಥರದ ವೈರಸ್ ಕೈಗೆ ಸಿಕ್ಕಿದ ಶೇರ್ ಫೋಲ್ಡರ್‌ಗಳನ್ನೂ ಬಿಡುವುದಿಲ್ಲ. ಇಷ್ಟಾದರೂ ಸರ್ವರ್ ಇರುವುದು ಅದೇ ಕಟ್ಟಡದಲ್ಲಿ. ಹಾಗಾಗಿ ಎರಡು ಹೊರಗಿನ ಡಿಸ್ಕ್ ಇಟ್ಟಿದ್ದೇವೆ, ಎರಡೂ ಎನ್‌ಕ್ರಿಪ್ಟ್ ಮಾಡಿದವು. ಶುಕ್ರವಾರ ಒಂದಕ್ಕೆ ಲೆಕ್ಕ ಗ್ರೂಪಿನ ಕಾಪಿ ತೆಗೆದು ಪಾಲುದಾರರೊಬ್ಬರು ಕದ್ರಿಯ ಮನೆಗೆ ಕೊಂಡೊಯ್ಯುತ್ತಾರೆ, ಹಿಂದಿನ ವಾರದ್ದು ವಾಪಸ್ ಬರುತ್ತದೆ. ಕಡಲ ಬದಿಯ ಊರಾದ್ದರಿಂದ ಡಿಸ್ಕನ್ನು ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬಿಯಲ್ಲಿ ಇಡಲು ಹೇಳಿದ್ದೇನೆ.

ತಿಂಗಳಿಗೊಂದು ಶನಿವಾರ ಅಕ್ಕನೇ ಯಾವುದಾದರೂ ಒಂದು ಗಿರಾಕಿಯ ಹೆಸರು, ಒಂದು ತಾರೀಕು ಹೇಳುತ್ತಾರೆ. ಆ ದಿನದ ಟ್ಯಾಲಿ ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ, ಟ್ಯಾಲಿಯಲ್ಲಿ ತೆರೆದು, ಆ ದಿನದ ಡೇ ಬುಕ್ ಪ್ರಿಂಟಿನ ಜೊತೆ ತಾಳೆ ನೋಡುತ್ತೇವೆ. ಹಸಿರು ಟಿಕ್ ನೋಡಿ ನಾನು ಬ್ಯಾಕಪ್ ಆಗಿದೆ ಎಂದು ಹೇಳುವುದಿಲ್ಲ, ಅಕ್ಕ ಲೆಕ್ಕ ಸರಿ ಇದೆ ಎಂದ ಮೇಲೆಯೇ ರಿಜಿಸ್ಟರ್‌ನಲ್ಲಿ ತಾರೀಕು ಬರೆಯುವುದು. ಹೊಸ ಆರ್ಟಿಕಲ್ ಹುಡುಗ ಸೇರಿದಾಗಲೂ ಅಷ್ಟೇ: ಕ್ಲೈಂಟ್ ಹಾಕಿ, ತಿರುಗಾಟ ಗ್ರೂಪಿಗೆ ಸೇರಿಸಿ, ಮೊದಲ ಬ್ಯಾಕಪ್ ಆದ ಮೇಲೆ ಅವನ ಕೈಯಲ್ಲೇ ಒಂದು ಫೈಲ್ ರಿಸ್ಟೋರ್ ಮಾಡಿಸುತ್ತೇನೆ.