ನಕಲಿ ಖಾತೆ ಇಲ್ಲದೆ ಒಂದು ಸೇತುವೆ ಪತ್ತೆ ಮಾಡಿದ್ದು: ನನ್ನ ಅನುಭವ

ನಕಲಿ ಖಾತೆ ತೆರೆಯುವುದಿಲ್ಲ. ಸೋರಿಕೆಯಾದ ಡೇಟಾ ಮುಟ್ಟುವುದಿಲ್ಲ. ಸುಳ್ಳು ಹೇಳಿ ಯಾರ ಖಾಸಗಿ ಗುಂಪಿಗೂ ನುಗ್ಗುವುದಿಲ್ಲ. ಈ ಮೂರು ಗೆರೆ ಹಾಕಿಕೊಂಡೇ ಒಸಿಂಟ್, ಅಂದರೆ ಎಲ್ಲರಿಗೂ ಸಿಗುವ ಮಾಹಿತಿಯಿಂದ ಪತ್ತೆ ಕೆಲಸ, ಮಾಡುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. ಕೈ ಕಟ್ಟಿಕೊಂಡು ಈಜಲು ಹೊರಟಿದ್ದೀಯಾ ಅಂದರು. ಈಗ ಕೆಲಸ ಆಗಿದೆ. ಹೇಗಾಯಿತು ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಕೈಗೆ ಬಂದಿದ್ದು ಸುಮಾರು 40 ಸೆಕೆಂಡಿನ ವಿಡಿಯೊ. ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗುತ್ತದೆ. 'ನಿನ್ನೆ ನಡೆದದ್ದು' ಅಂತ ಹತ್ತಾರು ಖಾತೆಗಳಲ್ಲಿ ಓಡಾಡುತ್ತಿತ್ತು, ಒಂದೊಂದರಲ್ಲೂ ಒಂದೊಂದು ಊರಿನ ಹೆಸರು. ಎಲ್ಲಿಯದು, ಯಾವಾಗಿನದು ಅಂತ ಹೇಳಬೇಕಿತ್ತು.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಈ ಕೆಲಸದಲ್ಲಿ ಟೂಲ್‌ಗಳಿಗೆ ಆಯುಷ್ಯ ಕಡಿಮೆ. 2019ರಲ್ಲಿ ಫೇಸ್‌ಬುಕ್‌ನೊಳಗೆ ಹುಡುಕುವ ಗ್ರಾಫ್ ಸರ್ಚ್ ಹೋಯಿತು, ಅದನ್ನು ನಂಬಿದ್ದ ಟೂಲ್‌ಗಳೂ ಜೊತೆಗೇ ಹೋದವು. 2023ರಲ್ಲಿ ಟ್ವಿಟ್ಟರ್ ಎಪಿಐಗೆ, ಅಂದರೆ ಬೇರೆ ಟೂಲ್‌ಗಳು ಅಲ್ಲಿಂದ ಮಾಹಿತಿ ತೆಗೆಯುವ ದಾರಿಗೆ, ದುಡ್ಡು ಬಿತ್ತು. 2024ರ ಆಗಸ್ಟ್‌ನಲ್ಲಿ, ಫೇಸ್‌ಬುಕ್ ಪೋಸ್ಟ್‌ಗಳು ಹೇಗೆ ಹರಡುತ್ತವೆ ಅಂತ ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಮುಚ್ಚಿತು. ನಾನು ವರ್ಷದ ಚಂದಾ ಮುಂಗಡ ಕಟ್ಟಿದ್ದ ಒಂದು ಟೂಲ್ ಅರ್ಧ ವರ್ಷವೂ ಬಾಳಲಿಲ್ಲ. ಉಳಿದ ದುಡ್ಡು ವಾಪಸ್ ಬರಲಿಲ್ಲ, ಮೇಲ್‌ಗೆ ಉತ್ತರವೂ ಇಲ್ಲ. ಆಮೇಲಿಂದ ಚಂದಾ ಏನಿದ್ದರೂ ತಿಂಗಳಿಗೊಮ್ಮೆ ಮಾತ್ರ, ಅದೂ ಕೆಲಸ ಇದ್ದ ತಿಂಗಳು.

ವಿಡಿಯೊ ಸಿಕ್ಕ ಕೂಡಲೇ ಉಳಿಸಿದೆ. ವಿಡಿಯೊ ಇಳಿಸುವ ವೈಟಿ-ಡಿಎಲ್‌ಪಿಯಲ್ಲಿ ಒಂದು ಪ್ರತಿ, ಅದರ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಬದಲಾದರೆ ತಿಳಿಸುವ ಬೆರಳಚ್ಚಿನಂಥ ಸಂಕೇತ), ಪುಟದ ವಿಳಾಸ, ಯುಟಿಸಿ (ಜಾಗತಿಕ) ಸಮಯ. ಎಲ್ಲ ಒಂದು ಸಾಲಿನಲ್ಲಿ. ವೆಬ್ ಪುಟಗಳ ಪ್ರತಿ ಉಳಿಸಿಡುವ ಆರ್ಕೈವ್ ಆದ ವೇಬ್ಯಾಕ್ ಮಷಿನ್‌ಗೂ ಪುಟವನ್ನು ಹಾಕಿದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಅಲ್ಲಿ ಉಳಿಸಿದ್ದು ಎಲ್ಲರಿಗೂ ಕಾಣುತ್ತದೆ. ಕೆಲವು ಪುಟಗಳ ಕಾಮೆಂಟಿನಲ್ಲಿ ಯಾರದೋ ಫೋನ್ ನಂಬರ್, ಮನೆ ವಿಳಾಸ ಹಾಕಿದ್ದರು. ಅಂಥವನ್ನು ಆರ್ಕೈವ್‌ಗೆ ತಳ್ಳಿದರೆ ಅವರು ಅಳಿಸಿದ ಮೇಲೂ ಅದು ಉಳಿಯುತ್ತದೆ, ಅಲ್ವಾ? ಅವು ನನ್ನ ಡಿಸ್ಕ್‌ನಲ್ಲಿ ಮಾತ್ರ ಇವೆ, ಎನ್‌ಕ್ರಿಪ್ಟ್ ಆಗಿ. ಹಾಗೆಯೇ ರಿವರ್ಸ್ ಇಮೇಜ್ ಸರ್ಚ್‌ಗೆ (ಚಿತ್ರ ಕೊಟ್ಟು ಅಂಥದ್ದೇ ಚಿತ್ರ ಹುಡುಕುವುದಕ್ಕೆ) ಫ್ರೇಮ್ ಕೊಡುವ ಮುಂಚೆ ಮುಖಗಳನ್ನು ಕತ್ತರಿಸುತ್ತೇನೆ. ಸೇತುವೆ ಹುಡುಕಲು ಜನರ ಮುಖ ಯಾಕೆ ಬೇಕು?

ವಿಡಿಯೊ ಪರಿಶೀಲಿಸುವ ಟೂಲ್ ಇನ್‌ವಿಡ್‌ನಲ್ಲಿ ಫ್ರೇಮ್ ತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್, ಬಿಂಗ್, ಟಿನ್‌ಐ ಎಲ್ಲದಕ್ಕೂ ಕೊಟ್ಟೆ. ಸಿಕ್ಕಿದ್ದೆಲ್ಲ ಅದೇ ವಾರದ ಪ್ರತಿಗಳು. ದಡದಲ್ಲಿ ನಿಂತಿದ್ದ ಬೈಕುಗಳನ್ನು ನೋಡುತ್ತಾ ಕೂತಾಗ ಏನೋ ಸರಿಯಿಲ್ಲ ಅನ್ನಿಸಿತು. ಸೈಡ್ ಸ್ಟ್ಯಾಂಡ್ ಎಡಕ್ಕಿರಬೇಕು, ಇಲ್ಲಿ ಎಲ್ಲವೂ ಬಲಕ್ಕೆ! ಯಾರೋ ವಿಡಿಯೊವನ್ನು ಕನ್ನಡಿ ಬಿಂಬದಂತೆ ತಿರುಗಿಸಿದ್ದರು. ಫ್ರೇಮ್‌ಗಳನ್ನು ಮತ್ತೆ ತಿರುಗಿಸಿ ಕೊಟ್ಟೆ. ಯಾಂಡೆಕ್ಸ್‌ನಲ್ಲಿ ಎರಡು ವರ್ಷ ಹಳೆಯ, ಮಸುಕಾದ ಒಂದು ಪ್ರತಿ ಬಂತು. 'ನಿನ್ನೆ' ಅನ್ನೋ ಮಾತು ಅಲ್ಲಿಗೇ ಬಿತ್ತು. ಆದರೆ ಅಪ್‌ಲೋಡ್ ದಿನಾಂಕ ಹೇಳುವುದು 'ಇದಕ್ಕಿಂತ ಈಚಿನದಲ್ಲ' ಅಂತ ಅಷ್ಟೇ. ಎಷ್ಟು ಹಿಂದಿನದು ಅನ್ನುವುದು ಇನ್ನೂ ಬಾಕಿ.

ಜಾಗ ಹುಡುಕಲು ಓವರ್‌ಪಾಸ್ ಟರ್ಬೊ: ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಷರತ್ತು ಹಾಕಿ ಹುಡುಕುವ ಟೂಲ್. ವಿಡಿಯೊದಲ್ಲಿ ನದಿ, ರಸ್ತೆ ಸೇತುವೆ, ಪಕ್ಕದಲ್ಲೇ ರೈಲು ಹಳಿ, ಒಂದು ಮೊಬೈಲ್ ಟವರ್ ಇದ್ದವು. ನಾಲ್ಕನ್ನೂ ಷರತ್ತು ಮಾಡಿದರೆ ಫಲಿತಾಂಶ ಸೊನ್ನೆ. ಕಾರಣ ಸರಳ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರೈಲು ಹಳಿಗಳನ್ನು ಚೆನ್ನಾಗಿ ಗುರುತಿಸಿರುತ್ತಾರೆ, ಟವರ್‌ಗಳದ್ದು ಅರ್ಧಂಬರ್ಧ. ಗುರುತಿಸದ ವಸ್ತುವನ್ನು ಷರತ್ತು ಮಾಡಿದರೆ ಸರಿಯಾದ ಉತ್ತರವೇ ಜಾರಿಹೋಗುತ್ತದೆ. ಟವರ್ ಕೈಬಿಟ್ಟೆ. 400ರಷ್ಟು ಸೇತುವೆ ಬಂದವು. ಹಳಿಯ ದೂರ ಬಿಗಿ ಮಾಡಿದ ಮೇಲೆ 20ರ ಆಸುಪಾಸು ಉಳಿದವು. ನಡುವೆ ಇನ್ನೊಂದು ಷರತ್ತು ಹಾಕಿದ್ದೆ, ಪಟ್ಟಿ ಇಷ್ಟು ಇಳಿಯಲು ಅದೂ ಕಾರಣ. ಅದನ್ನು ಮಾತ್ರ ಈಗ ಹೇಳುವುದಿಲ್ಲ.

ಆಮೇಲೆ ಗೂಗಲ್ ಅರ್ಥ್ ಪ್ರೊ, ಒಂದೊಂದೇ ಸೇತುವೆ. ನನ್ನ ಲೆಕ್ಕ ಹೀಗೆ: ಕನಿಷ್ಠ ಐದು ಗುರುತು ಹೊಂದಬೇಕು, ವಿವರಿಸಲಾಗದ ಒಂದೇ ಒಂದು ವ್ಯತ್ಯಾಸ ಬಂದರೂ ಜಾಗ ಔಟ್. ಒಂದು ಸೇತುವೆ ಎಲ್ಲ ರೀತಿಯಲ್ಲೂ ಕೂಡಿ ಬಂದಿತ್ತು. ನದಿಯ ತಿರುವು, ಹಳಿ, ದಡದ ಉದ್ದನೆಯ ಛಾವಣಿ. ಆದರೆ ಕಂಬ ಏಳು, ವಿಡಿಯೊದಲ್ಲಿ ಆರು. ಬಿಟ್ಟುಬಿಟ್ಟೆ. ನಿಜವಾದದ್ದು ಅದೇ ನದಿಯ ಮೇಲೆ ಸ್ವಲ್ಪ ಕೆಳಗೆ ಇತ್ತು.

ದಿನಾಂಕದ ಕೆಲಸ ಇದಕ್ಕಿಂತ ಜಾಸ್ತಿ ಕಾಡಿತು. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಒಂದರಲ್ಲಿ ಸೇತುವೆ ಇದೆ, ಮುಂದಿನದರಲ್ಲಿ ಇಲ್ಲ. ನಡುವೆ ವರ್ಷಕ್ಕೂ ಹೆಚ್ಚು ಅಂತರ. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 10 ಮೀಟರ್, ನಮ್ಮ ಸೇತುವೆಯ ಅಗಲ ಅಷ್ಟೂ ಇರಲಿಲ್ಲ. ಮೇಲಾಗಿ ಮಳೆಗಾಲವಿಡೀ ಬರೀ ಮೋಡ. ಒಂದು ಕಂಪನಿಯಿಂದ ಹೆಚ್ಚು ಸ್ಪಷ್ಟತೆಯ ಚಿತ್ರ ಕೊಂಡೆ. ಬೇಕಿದ್ದದ್ದು ಒಂದು ಸೇತುವೆ, ಅವರು ಮಾರುವುದು ಹತ್ತಾರು ಚದರ ಕಿಲೊಮೀಟರ್ ಲೆಕ್ಕದಲ್ಲಿ. ಬಂದ ಚಿತ್ರದಲ್ಲಿ ಸರಿಯಾಗಿ ನದಿಯ ಮೇಲೆಯೇ ಮೋಡ ಕೂತಿತ್ತು. ಇಡೀ ಕೆಲಸದಲ್ಲಿ ಅತಿ ದೊಡ್ಡ ಖರ್ಚು ಅದೇ, ಸುಮ್ನೆ ನೀರಿಗೆ ಹೋಯಿತು.

ದಾರಿ ತೋರಿಸಿದ್ದು ಪುಕ್ಕಟೆ ಸಿಗುವ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು. ಅದರಲ್ಲಿರುವುದು ರೇಡಾರ್, ಮೋಡ ಅಡ್ಡ ಬರುವುದಿಲ್ಲ. ನಿಂತ ನೀರು ಕಪ್ಪಾಗಿ ಕಾಣುತ್ತದೆ. ಸೇತುವೆಯ ಗೊಡವೆ ಬಿಟ್ಟು ದಡದ ಹೊಲಗಳನ್ನು ನೋಡಿದೆ. ಒಂದು ಚಿತ್ರದಲ್ಲಿ ಮಾಮೂಲಿ, 12 ದಿನದ ನಂತರದ್ದರಲ್ಲಿ ಹೊಲಗಳೆಲ್ಲ ಕಪ್ಪು. ಆ ಅವಧಿಯನ್ನೇ ಗೂಗಲ್‌ನಲ್ಲಿ ದಿನಾಂಕದ ಮಿತಿಯಾಗಿ ಹಾಕಿ, ಆ ಕಡೆಯವರ ಭಾಷೆಯಲ್ಲೇ ಪದ ಕೊಟ್ಟು ಹುಡುಕಿದೆ. ಸಣ್ಣ ಪತ್ರಿಕೆಯೊಂದರಲ್ಲಿ ಸೇತುವೆ ಬಿದ್ದ ಸುದ್ದಿ ಸಿಕ್ಕಿತು. ಮೂರು ವರ್ಷ ಹಿಂದಿನದು.

ನಡುವೆ ನೆರಳು ನೋಡಿ ಸಮಯ ಹೇಳುವ ಹುಚ್ಚೂ ಹತ್ತಿತ್ತು. ಪ್ರವಾಹದ ವಿಡಿಯೊದಲ್ಲಿ ಬಿಸಿಲೇ ಇರಲಿಲ್ಲ, ಅಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ. ಆದರೂ ಒಂದು ಕೋಲು ನೆಟ್ಟು, ನೆರಳು ಅಳೆದು, ಸೂರ್ಯನ ಸ್ಥಾನ ಲೆಕ್ಕ ಹಾಕುವ ಸನ್‌ಕ್ಯಾಲ್ಕ್ ಜೊತೆ ತಾಳೆ ನೋಡಿದೆ. ಬೆಳಗ್ಗೆ, ಸಂಜೆ ನೆರಳಿನ ಉದ್ದದಿಂದ ಹತ್ತು ನಿಮಿಷದೊಳಗೆ ಸಮಯ ಸಿಗುತ್ತಿತ್ತು. ನಡುಮಧ್ಯಾಹ್ನ ಅರ್ಧ ಗಂಟೆಗೂ ಮೀರಿ ತಪ್ಪುತ್ತಿತ್ತು, ಆ ಹೊತ್ತಿನಲ್ಲಿ ಸೂರ್ಯನ ಎತ್ತರ ಹೆಚ್ಚು ಬದಲಾಗುವುದಿಲ್ಲ. ಆಗ ಉದ್ದ ಬಿಟ್ಟು ನೆರಳಿನ ದಿಕ್ಕು ನೋಡಬೇಕು. ಇನ್ನೊಂದು ತೊಡಕು: ಒಂದೇ ನೆರಳು ವರ್ಷದಲ್ಲಿ ಎರಡು ದಿನಾಂಕಗಳಿಗೆ ಹೊಂದುತ್ತದೆ. ಯಾವುದು ಅಂತ ಆರಿಸಲು ಬೆಳೆ, ಬಟ್ಟೆ, ಮರದ ಎಲೆ ನೋಡಲೇಬೇಕು.

ವಿಡಿಯೊ ತೆಗೆದವರ ಮುಖ ಒಂದು ಗಾಜಿನಲ್ಲಿ ಅರೆಕ್ಷಣ ಕಾಣುತ್ತಿತ್ತು. ಹಳೆಯ ಪ್ರತಿಯಲ್ಲಿ ಬಳಕೆದಾರ ಹೆಸರೂ ಇತ್ತು. ಜೊತೆಯವರೊಬ್ಬರು ಶೆರ್ಲಾಕ್ (ಒಂದೇ ಬಳಕೆದಾರ ಹೆಸರಿನ ಖಾತೆಗಳನ್ನು ಬೇರೆ ಬೇರೆ ತಾಣಗಳಲ್ಲಿ ಹುಡುಕುವ ಟೂಲ್) ಓಡಿಸೋಣ ಅಂದರು. ಬೇಡ ಅಂದೆ. ನನ್ನದೇ ಹೆಸರು ಹಾಕಿ ಓಡಿಸಿ ತೋರಿಸಿದೆ: 30ರಷ್ಟು ಖಾತೆ ಬಂದವು, ಅದರಲ್ಲಿ ನನ್ನವು ಹತ್ತೂ ಇರಲಿಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಂತರ್ಜಾಲದ ಗುಂಪು ಸಂಬಂಧವೇ ಇಲ್ಲದವರನ್ನು ಅಪರಾಧಿ ಮಾಡಿದ್ದು ಹೀಗೆ ಆತುರದಲ್ಲೇ. ಇಂಥ ತನಿಖೆ ಹೇಗೆ ನಡೆಸಬೇಕು ಅಂತ ಹೇಳುವ ಮಾರ್ಗಸೂಚಿಯಾದ 2020ರ ಬರ್ಕ್ಲಿ ಪ್ರೋಟೊಕಾಲ್ ಓದಿದವರಿಗೆ ನನ್ನ ಹಟ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಕೊನೆಗೆ ಅನುಮಾನ ಪಟ್ಟಿದ್ದವರಿಗೇ ಪರೀಕ್ಷೆ ಒಪ್ಪಿಸಿದೆ. ನನ್ನ ನೋಟ್ಸ್‌ನಿಂದ ತೀರ್ಮಾನಗಳನ್ನೆಲ್ಲ ಅಳಿಸಿ, ವಿಡಿಯೊ ಮತ್ತು ಹುಡುಕಾಟದ ಸಾಲುಗಳನ್ನಷ್ಟೇ ಕೊಟ್ಟೆ. ಅವರು ಒಂದೇ ಸಂಜೆಯಲ್ಲಿ ಅದೇ ಸೇತುವೆಗೆ ಬಂದು ನಿಂತರು. ಆರು ಕಂಬ ಎಣಿಸಿದ್ದನ್ನೂ ಬರೆದಿದ್ದರು. ವರದಿಯಲ್ಲಿ ಸೇತುವೆಯ ನಿರ್ದೇಶಾಂಕ ಕೊಟ್ಟೆವು, ವಿಡಿಯೊ ತೆಗೆದ ಮನೆಯ ಜಾಗ ಕೊಡಲಿಲ್ಲ. ಓವರ್‌ಪಾಸ್ ಕ್ವೆರಿ ಕಳಿಸಿ ಅಂತ ಈಗಾಗಲೇ ಮೂರ್ನಾಲ್ಕು ಜನ ಕೇಳಿದ್ದಾರೆ. ಕೊಡುತ್ತೇನೆ, ಇನ್ನೊಂದು ನದಿಯ ಮೇಲೆ ಓಡಿಸಿ ನೋಡಿದ ಮೇಲೆ.